ರೈಲಿನ ನಡುಕದಿಂದ ಕರೆಂಟು ಬರುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಹಳಿಯ ಪಕ್ಕದಲ್ಲೇ ಇದೆ. ಗೂಡ್ಸ್ ಗಾಡಿ ಬಂದರೆ ಅಡುಗೆಮನೆಯ ಲೋಟಗಳೆಲ್ಲ ಗಲಗಲ ಎನ್ನುತ್ತವೆ. ಈ ನಡುಕದಿಂದ ನಮ್ಮ ಓಣಿಗೆ ಕರೆಂಟು ಕೊಡಬಾರದೇ?
– ಗೃಹಿಣಿ, ಅರಸೀಕೆರೆ

ಉತ್ತರ: ಲೋಟದ ಪಕ್ಕದಲ್ಲಿರುವ ಗ್ಯಾಸ್ ಲೈಟರನ್ನೇ ಒತ್ತಿ ನೋಡಿ. ಒಳಗಿನ ಪುಟ್ಟ ಸುತ್ತಿಗೆ ಒಂದು ಹರಳಿಗೆ ಬಡಿಯುತ್ತದೆ, ಸಾವಿರಾರು ವೋಲ್ಟ್ ಎದ್ದು ಕಿಡಿ ಹಾರುತ್ತದೆ. ಕೈಗೆ ತಗುಲಿದರೆ ಮಾತ್ರ ಬರೀ ಚುರುಕ್! ವೋಲ್ಟ್ ಜಾಸ್ತಿ, ಶಕ್ತಿ ಅತ್ಯಲ್ಪ. ಒತ್ತಡ ಬಿದ್ದರೆ ವಿದ್ಯುತ್ತು ಹುಟ್ಟಿಸುವ ಹರಳಿನ ಈ ಪೀಝೋ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ಕಂಡುಹಿಡಿದರು. ಕಂಪನ ಹಿಡಿಯುವ ಚಿಕ್ಕ ಸಾಧನಗಳು ಕೊಡುವುದು ಮಿಲಿವಾಟ್ ಲೆಕ್ಕದಲ್ಲಿ. ನಿಮ್ಮ 9 ವಾಟ್ ಎಲ್‌ಇಡಿ ಬಲ್ಬಿಗೆ ಬೇಕಾದದ್ದು 9,000 ಮಿಲಿವಾಟ್. ಹಳಿಯ ಬುಡದಲ್ಲೇ ಗೇರು, ಜನರೇಟರು ಕೂರಿಸಿದರೆ ಹೆಚ್ಚು ಸಿಗುತ್ತದೆ, ಆದರೆ ಗಾಡಿ ದಾಟುವ ಒಂದೆರಡು ನಿಮಿಷ ಮಾತ್ರ. ಓಣಿಯ ದೀಪಕ್ಕೆ ಸೋಲಾರೇ ಸರಿ.

ಪ್ರಶ್ನೆ: ಅಲ್ಪವಾದರೂ ಅದು ಪುಕ್ಕಟೆ ತಾನೇ, ಸರ್?
– ಪಿಯುಸಿ ವಿದ್ಯಾರ್ಥಿ, ತುಮಕೂರು

ಉತ್ತರ: ಹೇಗೂ ಬಿಸಿಯಾಗಿ ಕಳೆದುಹೋಗುವ ನಡುಕವನ್ನಷ್ಟೇ ಹಿಡಿದರೆ ಲಾಭವೇ. ಹೆಚ್ಚಿನ ಆಸೆಗೆ ಹಳಿ ಇನ್ನಷ್ಟು ಕುಸಿಯುವಂತೆ ಮಾಡಿದಿರೋ, ಮರಳಿನಲ್ಲಿ ಸೈಕಲ್ ತುಳಿದ ಹಾಗೆ. ಆ ಶ್ರಮದ ಬಿಲ್ಲು ಎಂಜಿನ್ನಿಗೇ. ನಿಜವಾದ ಉಳಿತಾಯ ಇರುವುದು ಬ್ರೇಕಿನಲ್ಲಿ. ಮೆಟ್ರೊ ರೈಲು ನಿಲ್ಲುವಾಗ ಅದರ ಮೋಟರುಗಳೇ ಜನರೇಟರುಗಳಾಗಿ ವಿದ್ಯುತ್ತನ್ನು ಲೈನಿಗೆ ಮರಳಿಸುತ್ತವೆ. ಪಕ್ಕದ ರೈಲು ಅದನ್ನು ಬಳಸಿಕೊಳ್ಳುತ್ತದೆ. ದೆಹಲಿ ಮೆಟ್ರೊದ ಈ ವ್ಯವಸ್ಥೆ 2007ರಲ್ಲಿ ವಿಶ್ವಸಂಸ್ಥೆಯ ಕಾರ್ಬನ್ ಕ್ರೆಡಿಟ್ ಯೋಜನೆಯಲ್ಲಿ ನೋಂದಣಿಯಾಯಿತು.

ಪ್ರಶ್ನೆ: ನಮ್ಮ ಕಾಲದಲ್ಲಿ ಚಕ್ರದ ಆಕ್ಸಲ್‌ಗೆ ಬೆಲ್ಟ್ ಹಾಕಿ, ಆಲ್ಟರ್ನೇಟರ್ ತಿರುಗಿಸಿ, 110 ವೋಲ್ಟ್‌ನಲ್ಲಿ ಬೋಗಿಯ ದೀಪ, ಫ್ಯಾನು ನಡೆಸುತ್ತಿದ್ದೆವು. ಅದಿರುವಾಗ ಈ ಕಂಪನದ ಗೋಜು ಯಾಕೆ?
– ನಿವೃತ್ತ ರೈಲ್ವೆ ನೌಕರ, ಹುಬ್ಬಳ್ಳಿ

ಉತ್ತರ: ಪ್ರಯಾಣಿಕರ ಬೋಗಿಗೆ ನಿಮ್ಮ ಮಾತು ಸರಿ. ಗೂಡ್ಸ್ ವ್ಯಾಗನ್ನಿನಲ್ಲಿ ಆಲ್ಟರ್ನೇಟರೂ ಇಲ್ಲ, ಬ್ಯಾಟರಿಯೂ ಇಲ್ಲ. ಬೇರಿಂಗ್ ಕಾದು ಹಾಟ್ ಆಕ್ಸಲ್ ಆದರೆ ಗಾಡಿ ಹಳಿ ತಪ್ಪುವ ಅಪಾಯವನ್ನು ನಿಮಗೆ ನಾನು ಹೇಳಬೇಕಿಲ್ಲ. ಈ ಬಿಸಿಯ ಮೇಲೆ ಕಣ್ಣಿಡಲು, ಬೇರಿಂಗ್ ಇರುವ ಸಾವಿರಾರು ಆಕ್ಸಲ್ ಬಾಕ್ಸ್‌ಗಳಿಗೆ ವೈರು ಎಳೆಯುವುದು, ಸೆಲ್ ಬದಲಿಸುತ್ತ ಕೂರುವುದು ಆಗದ ಕೆಲಸ. ಅಲ್ಲೇ ನಡುಗುವ ಆಯಸ್ಕಾಂತ, ಸುರುಳಿ ಇಟ್ಟರೆ ಬಿಸಿ ಅಳೆದು ನಿಸ್ತಂತುವಾಗಿ ಸುದ್ದಿ ಕಳಿಸುವಷ್ಟು ವಿದ್ಯುತ್ತು ಹುಟ್ಟುತ್ತದೆ. ಬ್ರಿಟನ್ನಿನ ಪ್ರಯಾಣಿಕ ರೈಲುಗಳಲ್ಲಿ ಇದು ಬಳಕೆಗೆ ಬಂದಿದೆ. ಗಾಡಿ ನಿಂತಾಗ ನೀವು ಆಕ್ಸಲ್ ಬಾಕ್ಸ್ ಮುಟ್ಟಿ ಬಿಸಿ ನೋಡುತ್ತಿದ್ದಿರಲ್ಲ, ಅದೇ ಕೆಲಸವನ್ನು ಗಾಡಿ ಓಡುತ್ತಿರುವಾಗಲೇ ಮಾಡಲು ಇಷ್ಟು ವಿದ್ಯುತ್ತು ಧಾರಾಳ ಸಾಕು.