ಒಂದು ಮನೆಗೆ ಒಂದು ಫೈಲು

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎಪ್ಪತ್ತು ದಾಟಿದ ಅಜ್ಜಿ, ಮಾನಸಿಕ ಕಾಯಿಲೆಯಿಂದ ಹೊಸ್ತಿಲು ದಾಟದ ಮಗ, ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದ ಮಗಳು. ಅಜ್ಜಿಗೆ ಸಂಧ್ಯಾ ಸುರಕ್ಷಾ, ಮಗಳಿಗೆ ವಿಧವಾ ವೇತನ, ಮಗನಿಗೆ ವಿಕಲಚೇತನರ ಮಾಸಾಶನ, ಮನೆಗೆ ಪಡಿತರ, ಮಕ್ಕಳಿಗೆ ಅಂಗನವಾಡಿ. ಕಾಗದದ ಮೇಲೆ ಎಲ್ಲವೂ ಇದೆ. ಆದರೆ ಅರ್ಜಿ ಕೊಡುವುದು ನಾಡಕಚೇರಿಯಲ್ಲಿ, ವೈದ್ಯರ ಪ್ರಮಾಣಪತ್ರ ಸಿಗುವುದು ದೊಡ್ಡಾಸ್ಪತ್ರೆಯಲ್ಲಿ, ಕಾರ್ಡಿನ ಕೆಲಸ ತಾಲ್ಲೂಕಿನ ಆಹಾರ ಶಾಖೆಯಲ್ಲಿ, ಖಾತೆಯ ತಕರಾರು ಬ್ಯಾಂಕಿನಲ್ಲಿ. ಒಂದೊಂದು ಬಾಗಿಲಿಗೂ ಒಂದು ದಿನದ ಕೂಲಿ ಹೋಗುತ್ತದೆ. ಮೂರನೆಯ ಬಾಗಿಲಿಗೆ ಬರುವಷ್ಟರಲ್ಲಿ ಮಗಳು ಕೈಚೆಲ್ಲಿರುತ್ತಾಳೆ.

ನಮ್ಮಲ್ಲಿ ಕೊರತೆ ಯೋಜನೆಗಳದ್ದಲ್ಲ. ಒಂದು ಮನೆಯ ಎಲ್ಲ ಬೇಕುಗಳನ್ನು ಒಟ್ಟಿಗೆ ನೋಡುವವರು ಇಲ್ಲ, ಅಷ್ಟೆ. ಈ ಕೆಲಸಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಸ್ತ್ರೀಶಕ್ತಿ ಸಂಘದ ನಾಲ್ಕು ಮಂದಿ, ಸಂಜೀವಿನಿ ಒಕ್ಕೂಟ, ಯುವಕ ಸಂಘ, ನಿವೃತ್ತ ಮೇಷ್ಟ್ರು, ಯಾರಾದರೂ ಹಿಡಿಯಬಹುದು. ಹಿಡಿದರೆ ಹೇಗೆ ಎಂಬುದು ಇಲ್ಲಿದೆ.

ಮೊದಲು ಮನೆಗಳ ಪಟ್ಟಿ

ಶಾಮಿಯಾನ ಹಾಕಿ, ಬ್ಯಾನರ್ ಕಟ್ಟಿ ಶಿಬಿರ ಮಾಡುವುದರಿಂದ ಆರಂಭಿಸಬೇಡಿ. ಶಿಬಿರಕ್ಕೆ ಬರುವವರು ನಡೆದಾಡಬಲ್ಲವರು, ಕೇಳಿ ಪಡೆಯಬಲ್ಲವರು. ನಮಗೆ ಬೇಕಾದವರು ಹಾಸಿಗೆ ಹಿಡಿದಿರುತ್ತಾರೆ, ಇಲ್ಲವೇ ನಾಲ್ಕು ಜನರ ಮುಂದೆ ಬರಲು ನಾಚುತ್ತಾರೆ.

ಪಟ್ಟಿಯನ್ನು ಊರಿನಲ್ಲೇ ಇರುವ ಮೂವರೊಂದಿಗೆ ಕೂತು ಮಾಡಿ. ಆಶಾ ಕಾರ್ಯಕರ್ತೆ: ಸುಮಾರು 1,000 ಜನಸಂಖ್ಯೆಗೆ ಒಬ್ಬರಿರುತ್ತಾರೆ, ಯಾರ ಮನೆಯಲ್ಲಿ ಯಾವ ಕಾಯಿಲೆ ಎಂದು ಬಲ್ಲರು. ಅಂಗನವಾಡಿ ಕಾರ್ಯಕರ್ತೆ: ಬಸುರಿ, ಬಾಣಂತಿ, ಮಕ್ಕಳ ಲೆಕ್ಕ ಇವರ ಬಳಿ. ಮೂರನೆಯವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಎಲ್ಲರೂ ವಿಆರ್‌ಡಬ್ಲ್ಯು ಎಂದೇ ಕರೆಯುವುದು. ವಿಕಲಚೇತನರ ಕೆಲಸಕ್ಕೆಂದೇ ಗ್ರಾಮ ಪಂಚಾಯಿತಿಗೊಬ್ಬರಂತೆ ನೇಮಕವಾದ ಇವರ ಹೆಸರು ಎಷ್ಟೋ ಊರುಗಳಲ್ಲಿ ಪಂಚಾಯಿತಿ ಸದಸ್ಯರಿಗೇ ಗೊತ್ತಿರುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಇದೇ ಕೆಲಸಕ್ಕೆ ಎಂಆರ್‌ಡಬ್ಲ್ಯು ಇರುತ್ತಾರೆ. ಇವರಲ್ಲದೆ ನೀರುಗಂಟಿಯನ್ನೂ ಒಮ್ಮೆ ಕೇಳಿ. ಯಾವ ಮನೆಯಲ್ಲಿ ಕೊಡ ಹಿಡಿದು ಬರುವ ಕೈಯಿಲ್ಲ ಎಂದು ಅವರಿಗೆ ಗೊತ್ತು.

ಸರ್ಕಾರಿ ಪಟ್ಟಿಗಳಲ್ಲಿ ತಪ್ಪಿಹೋಗುವ ಮನೆಗಳೂ ಇವೆ: ಊರಾಚೆಯ ಅಲೆಮಾರಿಗಳ ಗುಡಾರ, ಹಾಡಿ, ಎಸ್ಟೇಟಿನ ಲೈನು ಮನೆ, ಮಕ್ಕಳು ಕಬ್ಬು ಕಡಿಯಲು ಹೋದ ಮೇಲೆ ತಾಂಡಾದಲ್ಲಿ ಉಳಿದ ಮುದುಕರು. ಅವನ್ನು ಹುಡುಕಿ ಸೇರಿಸಿ. ಮೊದಲ ಸುತ್ತಿಗೆ ಹತ್ತು ಮನೆ ಸಾಕು.

ಮೊದಲ ಭೇಟಿಯಲ್ಲಿ ಅರ್ಜಿ ಬೇಡ

ಫಾರಂ ಹಿಡಿದು ಹೋದರೆ ಜನ ಫಾರಮ್ಮಿಗೆ ತಕ್ಕ ಉತ್ತರ ಕೊಡುತ್ತಾರೆ. ಬರಿಗೈಯಲ್ಲಿ ಹೋಗಿ ಕೂರಿ. ಅಡುಗೆ ಯಾರು ಮಾಡುತ್ತಾರೆ, ಮಾತ್ರೆ ಎಲ್ಲಿಂದ ತರುತ್ತಾರೆ, ರಾತ್ರಿ ಬಯಲಿಗೆ ಹೋಗಬೇಕಾದರೆ ಜೊತೆಗೆ ಯಾರು, ಬಂದ ದುಡ್ಡು ಯಾರ ಕೈಯಲ್ಲಿರುತ್ತದೆ ಎಂದು ಕೇಳಿ. ‘ಮಾಡಿಸಿಕೊಡುತ್ತೇವೆ’ ಎಂದು ಮಾತು ಕೊಡಬೇಡಿ. ‘ಅರ್ಜಿ ಹಾಕಲು ಜೊತೆಗೆ ಬರುತ್ತೇವೆ’ ಎನ್ನಿ. ಇವೆರಡರ ನಡುವಿನ ಅಂತರ ಮರೆತವರೇ ಮುಂದೆ ದಲ್ಲಾಳಿಗಳಾಗುವುದು.

ಎಲ್ಲ ಕೆಲಸ ಸಿಕ್ಕಿಬೀಳುವುದು ಹೆಸರಿನಲ್ಲಿ

ಆಧಾರಿನಲ್ಲಿ ಗೌರಮ್ಮ, ಪಡಿತರ ಚೀಟಿಯಲ್ಲಿ ಗೌರವ್ವ, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿದ ಇನ್ನೊಂದು. ಮೂರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆದ್ದರಿಂದ ಯಾವ ಅರ್ಜಿಗೂ ಮೊದಲು ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮತದಾರರ ಚೀಟಿ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು, ವಯಸ್ಸು, ವಿಳಾಸ ತಾಳೆ ನೋಡಿ. ತಿದ್ದುಪಡಿ ಆಧಾರಿನಿಂದ ಆರಂಭವಾಗಲಿ. ಆದರೆ ಯೋಚಿಸಿ ಮಾಡಿಸಿ: ಆಧಾರಿನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಅವಸರದಲ್ಲಿ ತಪ್ಪು ಬರೆಸಿದರೆ ಮತ್ತೆ ತಿದ್ದಿಸುವುದು ಬಲು ಕಷ್ಟ.

ಮುಂದಿನದು ಮೊಬೈಲ್ ಸಂಖ್ಯೆ. ಅಜ್ಜಿಯ ಆಧಾರಿಗೆ ಜೋಡಿಸಿದ್ದ ನಂಬರು ಬೆಂಗಳೂರಿನಲ್ಲಿರುವ ಮೊಮ್ಮಗನ ಹಳೆಯ ಸಿಮ್ಮಿನದ್ದಾಗಿದ್ದರೆ ಒಟಿಪಿ ಎಲ್ಲಿಗೋ ಹೋಗುತ್ತದೆ. ಕೂಲಿ ಮಾಡಿ ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯದಿದ್ದಾಗ ಈ ಒಟಿಪಿಯೇ ದಾರಿ. ಹಾಸಿಗೆ ಹಿಡಿದವರಿಗೆ ಶುಲ್ಕ ಕಟ್ಟಿ ಆಧಾರ್ ಸಿಬ್ಬಂದಿಯನ್ನು ಮನೆಗೇ ಕರೆಸಿಕೊಳ್ಳುವ ವ್ಯವಸ್ಥೆಯೂ ಇದೆ.

ಮೂರನೆಯದು ಬ್ಯಾಂಕ್ ಖಾತೆ. ‘ಮಂಜೂರಾಗಿದೆ, ದುಡ್ಡು ಬಂದಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಎನ್‌ಪಿಸಿಐ ಮ್ಯಾಪಿಂಗ್. ಆಧಾರ್ ಆಧರಿಸಿ ಕಳಿಸುವ ಹಣ ಪಾಸ್‌ಬುಕ್ ನೋಡಿ ಬರುವುದಿಲ್ಲ. ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಬೀಳುತ್ತದೆ. ಎಂದೋ, ಯಾರೋ ತೆರೆಸಿದ ಖಾತೆಯಲ್ಲಿ ತಿಂಗಳುಗಟ್ಟಲೆ ಹಣ ಕೂತಿರಬಹುದು. ಬ್ಯಾಂಕಿನಲ್ಲಿ ‘ಆಧಾರ್ ಸೀಡಿಂಗ್ ಯಾವ ಖಾತೆಗೆ ಇದೆ’ ಎಂದು ಕೇಳಿ, ಬೇಕಾದ ಖಾತೆಗೆ ಬದಲಿಸಲು ಬರೆದುಕೊಡಿ. ಬ್ಯಾಂಕು ದೂರವಿದ್ದರೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಸೇವೆಯಲ್ಲಿ ಪೋಸ್ಟ್‌ಮ್ಯಾನ್ ಬೆರಳಚ್ಚು ಪಡೆದು ಮನೆ ಬಾಗಿಲಲ್ಲೇ ಹಣ ಕೊಡುತ್ತಾರೆ. ಇದನ್ನು ಕೇಳಿ ಪಡೆಯುವವರು ಕಡಿಮೆ.

ಯುಡಿಐಡಿ ಕಾರ್ಡು

ವಿಕಲಚೇತನರ ಈ ಗುರುತಿನ ಕಾರ್ಡು ಮಾಡಿಸುವುದು ಎಲ್ಲಕ್ಕಿಂತ ನಿಧಾನದ ಕೆಲಸ, ಹಾಗಾಗಿ ಬೇಗ ಆರಂಭಿಸಿ. ವಿಕಲಚೇತನರ ಮಾಸಾಶನ, ಬಸ್ ಪಾಸು, ಮೀಸಲಾತಿ ಎಲ್ಲದಕ್ಕೂ ಈ ಕಾರ್ಡೇ ಬುನಾದಿ. ವಿಆರ್‌ಡಬ್ಲ್ಯು ಅಥವಾ ಗ್ರಾಮ ಒನ್ ಮೂಲಕ ಆನ್‌ಲೈನಿನಲ್ಲಿ ಅರ್ಜಿ ಹಾಕಿಸಬೇಕು. ಆಮೇಲೆ ನಿಗದಿಯಾದ ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ ಶೇಕಡಾವಾರು ನಮೂದಿಸುತ್ತಾರೆ. ಶೇ 40 ಮುಟ್ಟಿದರೆ ಬಹುಪಾಲು ಸೌಲಭ್ಯಗಳು ತೆರೆದುಕೊಳ್ಳುತ್ತವೆ.

ಅಂಗವೈಕಲ್ಯವೆಂದರೆ ಕೈಕಾಲು, ಕಣ್ಣು, ಕಿವಿ ಎಂದಷ್ಟೇ ತಿಳಿದವರು ಇನ್ನೂ ಹೆಚ್ಚು. 1995ರ ಕಾಯ್ದೆಯಲ್ಲಿದ್ದದ್ದು 7 ಬಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಮಾನಸಿಕ ಕಾಯಿಲೆ, ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್, ಥಲಸೇಮಿಯಾ, ಆಸಿಡ್ ದಾಳಿಗೆ ಒಳಗಾದವರು ಎಲ್ಲರೂ ಅದರಲ್ಲಿದ್ದಾರೆ. ಹೊಸ್ತಿಲು ದಾಟದ ಆ ಮಗನ ಹಕ್ಕೂ ಇಲ್ಲೇ ಇದೆ. ಅವನ ಹಳೆಯ ಆಸ್ಪತ್ರೆ ಚೀಟಿಗಳನ್ನು ಒಂದನ್ನೂ ಎಸೆಯದೆ ಫೈಲಿನಲ್ಲಿಡಿ. ಆಸ್ಪತ್ರೆಗೆ ಹೋಗುವ ಮುನ್ನ ಮನೋವೈದ್ಯರು, ಮೂಳೆ ತಜ್ಞರು ಯಾವ ವಾರ ಕೂರುತ್ತಾರೆಂದು ಫೋನಿನಲ್ಲಿ ವಿಚಾರಿಸಿ, ಐದಾರು ಜನರನ್ನು ಒಂದೇ ಗಾಡಿಯಲ್ಲಿ ಕರೆದೊಯ್ಯಿರಿ. ಈ ವಿಚಾರಣೆ ತಪ್ಪಿದರೆ ಗಾಡಿ ಬಾಡಿಗೆ ನೀರುಪಾಲು.

ನಾಡಕಚೇರಿಗೆ ಒಂದೇ ಸಲ

ಕಾಗದ ಕೂಡಿದ ಮೇಲೆ ಮನೆಯ ಎಲ್ಲರ ಅರ್ಜಿಯನ್ನೂ ಒಂದೇ ದಿನ ಕೊಡಿ. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿ ಅದರ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಂಡಿರಿ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ 65 ತುಂಬಿದವರಿಗೆ, ತಿಂಗಳಿಗೆ 1,200 ರೂಪಾಯಿ. ವಿಧವಾ ವೇತನ 800. ಶೇ 40ರಿಂದ 75ರವರೆಗಿನ ಅಂಗವೈಕಲ್ಯಕ್ಕೆ 800, ಅದಕ್ಕಿಂತ ಹೆಚ್ಚಿದ್ದರೆ 1,400. ಮದುವೆಯಾಗದೆ ಉಳಿದ ಅಥವಾ ವಿಚ್ಛೇದಿತ ಬಡ ಮಹಿಳೆಯರಿಗೆ 40 ದಾಟಿದ ಮೇಲೆ ಮನಸ್ವಿನಿ ಇದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ. ಒಬ್ಬರಿಗೆ ಇವುಗಳಲ್ಲಿ ಒಂದೇ. ಯಾವುದು ಹೆಚ್ಚೋ ಅದನ್ನು ನೋಡಿ ಹಾಕಿಸಿ. ಮನೆಗೆ ದುಡಿದು ಹಾಕುತ್ತಿದ್ದವರು 18ರಿಂದ 59ರ ವಯಸ್ಸಿನೊಳಗೆ ತೀರಿಕೊಂಡಿದ್ದು, ಬಿಪಿಎಲ್ ಕುಟುಂಬವಾಗಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಮ್ಮೆಗೆ 20,000 ರೂಪಾಯಿ. ಸಾವಿನ ಮನೆಯಲ್ಲಿ ಇದು ಯಾರ ನೆನಪಿಗೂ ಬರುವುದಿಲ್ಲ. ಹೆಂಡತಿ ತವರಿಗೆ ಹೊರಡುವ ಮುಂಚೆಯೇ ಮರಣ ಪ್ರಮಾಣಪತ್ರದ ಎರಡು ಮೂರು ಪ್ರತಿ ತೆಗೆಸಿಕೊಡಿ.

ಅರ್ಜಿ ಕೊಟ್ಟಾಗ ಸಕಾಲದ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ಸಕಾಲ ಕಾಯ್ದೆ 2011ರದ್ದು. ಸೇವೆಗೆ ನಿಗದಿಯಾದ ಅವಧಿ ಮೀರಿದರೆ ಮೇಲ್ಮನವಿ ಹೋಗಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವನ್ನೂ ಕೇಳಬಹುದು. ಮೊತ್ತ ಸಣ್ಣದು, ಆದರೆ ಮೇಲ್ಮನವಿ ಎಂಬ ಮಾತಿಗೇ ಫೈಲು ಮೇಜಿನಿಂದ ಮೇಜಿಗೆ ಚಲಿಸುತ್ತದೆ.

ಪಡಿತರಕ್ಕೆ: ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕಿಲೊ ಧಾನ್ಯ. ಆಸರೆಯಿಲ್ಲದ ವೃದ್ಧರು, ವಿಧವೆಯರು, ವಿಕಲಚೇತನರೇ ಇದರ ಮೊದಲ ಹಕ್ಕುದಾರರು. ಕಾರ್ಡುಗಳಿಗೆ ಮಿತಿ ಇರುವುದರಿಂದ ಆಹಾರ ಶಾಖೆಯಲ್ಲಿ ಕೇಳುತ್ತಲೇ ಇರಬೇಕು.

ದುಡ್ಡಿನಿಂದ ತೀರದ್ದು

ಮಾಸಾಶನ ಬಂದ ಮಾತ್ರಕ್ಕೆ ಮನೆ ನೆಟ್ಟಗಾಗುವುದಿಲ್ಲ. ಮಗನಿಗೆ ಔಷಧಿ ಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯಲ್ಲಿ ಹೊಡೆತ ಬಡಿತ ಕಂಡರೆ 181, ಮಕ್ಕಳ ವಿಷಯವಾದರೆ 1098, ಹಿರಿಯರಿಗೆ 14567, ಜೀವಕ್ಕೆ ಅಪಾಯವಾದರೆ 112. ಚಿಕಿತ್ಸೆ, ತಂಗುವ ಜಾಗ, ಪೊಲೀಸ್ ಮತ್ತು ಕಾನೂನಿನ ನೆರವು ಒಂದೇ ಸೂರಿನಡಿ ಸಿಗುವ ಸಖಿ ಕೇಂದ್ರ ಜಿಲ್ಲೆಗಳಲ್ಲಿದೆ. ರಾಜಿ ಪಂಚಾಯಿತಿ ಮಾಡಲು ನೀವು ಕೂರಬೇಡಿ. ಅದು ನಿಮ್ಮ ಕೆಲಸವಲ್ಲ.

ವಕೀಲರ ಫೀಜಿಗೆ ಹೆದರಿ ಸುಮ್ಮನಿರುವವರಿಗೆ ಇದನ್ನು ತಿಳಿಸಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ವಿಕಲಚೇತನರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೆ ಸಾಕು, ಫೋನ್ 15100. ಹಿರಿಯರನ್ನು ಕೈಬಿಟ್ಟ ಮಕ್ಕಳ ಮೇಲೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ದೂರು ಕೊಡಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶಕ್ಕೆ ಆದೇಶವಾಗಬಹುದು. ‘ನೋಡಿಕೊಳ್ಳುತ್ತೇನೆ’ ಎಂಬ ಷರತ್ತಿನ ಮೇಲೆ ಬರೆಸಿಕೊಂಡ ದಾನಪತ್ರವನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲು ಇದೇ ಕಾಯ್ದೆಯ 23ನೇ ಕಲಮು ಇದೆ. ಹಾಗಾಗಿ ಆಸ್ತಿ ಬರೆದುಕೊಡಲು ಹೊರಟ ಹಿರಿಯರಿಗೆ ಹೇಳಿ: ಆ ಷರತ್ತು ಬಾಯಿಮಾತಿನಲ್ಲಿ ಉಳಿಯದೆ ಪತ್ರದಲ್ಲೇ ಇರಲಿ.

ಫೈಲು ಯಾರದ್ದು?

ಮನೆಯವರದ್ದು. ಆಧಾರ್ ಪ್ರತಿ, ಪಾಸ್‌ಬುಕ್, ಎಟಿಎಂ ಪಿನ್ ಇವ್ಯಾವುದೂ ನಿಮ್ಮ ಬಳಿ ಇರಕೂಡದು. ನಿಮ್ಮ ನೋಟ್‌ಪುಸ್ತಕದಲ್ಲಿ ಮನೆ, ಅರ್ಜಿಯ ದಿನಾಂಕ, ಜಿಎಸ್‌ಸಿ ಸಂಖ್ಯೆ, ಮುಂದೆ ಹೋಗಬೇಕಾದ ದಿನ, ಇಷ್ಟು ಸಾಕು. ನೆರವು ಪಡೆದವರ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಚಾಳಿ ಈಚೆಗೆ ಅಂಟಿಕೊಂಡಿದೆ. ನಿಮ್ಮ ಗುಂಪಿನಲ್ಲಿ ಅದಕ್ಕೆ ಮೊದಲ ದಿನವೇ ತಡೆ ಹಾಕಿ. ತಿಂಗಳಿಗೊಮ್ಮೆ ಎಲ್ಲ ಮನೆಗೂ ಒಂದು ಸುತ್ತು ಬನ್ನಿ. ಬರುತ್ತಿದ್ದ ಮಾಸಾಶನ ಏಕಾಏಕಿ ನಿಂತರೆ ಖಾತೆ, ಆಧಾರ್ ನೋಡಿ, ಸರಿಯಿದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನು ಕಾಣಿ. ಹೋಬಳಿಯ ಪಿಂಚಣಿ ಅದಾಲತ್ತಿಗೆ ಅರ್ಜಿ ಒಯ್ಯಿರಿ.

ಪಂಚಾಯಿತಿಯ ಹಣವೂ ಇದೆ. ಸ್ವಂತ ಆದಾಯದ ಶೇ 5ನ್ನು ವಿಕಲಚೇತನರಿಗೆ ಖರ್ಚು ಮಾಡಬೇಕೆಂಬ ನಿಯಮವಿದ್ದರೂ, ಕೇಳುವವರಿಲ್ಲದೆ ಅದು ವರ್ಷದ ಕೊನೆಗೆ ಉಳಿದುಬಿಡುತ್ತದೆ. ಗಾಲಿಕುರ್ಚಿ, ಶೌಚಾಲಯಕ್ಕೆ ಹಿಡಿಕಂಬಿ, ಔಷಧಿಯ ವೆಚ್ಚ ಎಂದು ಮನೆವಾರು ಬೇಡಿಕೆ ಬರೆದು ಗ್ರಾಮಸಭೆಯಲ್ಲಿ ಕೊಟ್ಟು, ನಡಾವಳಿಯಲ್ಲಿ ಸೇರಿಸಲು ಹೇಳಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ನಿಮ್ಮೂರಿನದು ಎಂದಿದೆ ಎಂದು ಈ ವಾರವೇ ಪಿಡಿಒ ಅವರನ್ನು ಕೇಳಿ, ಅಷ್ಟರೊಳಗೆ ಹತ್ತು ಮನೆಗಳ ಪಟ್ಟಿ ಸಿದ್ಧಮಾಡಿಕೊಳ್ಳಿ.