ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು

ವಯಸ್ಸಿಗೆ ಬಂದ ಮನುಷ್ಯನೊಬ್ಬ ಮನೆಯಿಂದ ಹೊರಟು ವಾಪಸಾಗದಿದ್ದರೆ ಠಾಣೆಯ ಭಾಷೆಯಲ್ಲಿ ಅದು ‘ಮ್ಯಾನ್ ಮಿಸ್ಸಿಂಗ್’. ಅಪಹರಣದ ಸುಳಿವಿಲ್ಲ, ಕಳವಿನ ದೂರಿಲ್ಲ, ಆರೋಪಿ ಎಂಬುವನೂ ಇಲ್ಲ. ಇರುವುದು ಒಂದು ಹೆಸರು, ಒಂದು ಫೋಟೊ, ಕೊನೆಗೆ ಕಂಡ ಹೊತ್ತು, ಇಷ್ಟೇ. ಇಂಥ ಹುಡುಕಾಟದಲ್ಲಿ ಮನೆಯವರೂ ಗೆಳೆಯರೂ ತಮಗೆ ಗೊತ್ತಿರುವ ಮನುಷ್ಯನನ್ನೇ ಹುಡುಕುತ್ತಾರೆ. ಮನೆ ಬಿಟ್ಟು ಹೋದವನು ಬಹಳ ಸಲ ಅವರಿಗೆ ಗೊತ್ತೇ ಇಲ್ಲದ ಇನ್ನೊಬ್ಬ. ಮೊದಲ ಒಂದೆರಡು ದಿನ ವ್ಯರ್ಥವಾಗುವುದು ಹೆಚ್ಚಾಗಿ ಈ ಕಾರಣಕ್ಕೆ.

ಇಲ್ಲಿನ ವಿವರಗಳಿಗೆ ಆಧಾರ 2023ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಮಲೆನಾಡಿನಲ್ಲಿ ಮುಗಿದ ಹನ್ನೊಂದು ದಿನಗಳ ಒಂದು ಹುಡುಕಾಟ. ಕಾಣೆಯಾದವನು ಈ ಲೇಖಕನ ಶಾಲಾದಿನಗಳ ಗೆಳೆಯ, ವಯಸ್ಸು 41. ಸೋಮವಾರ ಬೆಳಿಗ್ಗೆ ಎಂಟಕ್ಕೆ ಊಟದ ಡಬ್ಬಿ ಹಿಡಿದು ಆಫೀಸಿಗೆಂದು ಹೊರಟವನು ರಾತ್ರಿ ಹತ್ತಾದರೂ ಬರಲಿಲ್ಲ. ಫೋನ್ ಸ್ವಿಚ್ ಆಫ್.

ಮೊದಲ ಗಂಟೆಗಳು ಮಾನ ಕಾಪಾಡಿಕೊಳ್ಳುವುದರಲ್ಲೇ ಕಳೆಯುತ್ತವೆ. ನೆಂಟರಿಗೆ ಫೋನ್ ಮಾಡುತ್ತಾರೆ, ಆದರೆ ವಿಷಯ ಹೇಳುವುದಿಲ್ಲ. ಕುಶಲ ಕೇಳಿ, ಮಳೆಯ ಮಾತಾಡಿ, ಕೊನೆಗೆ ‘ಇವರೇನಾದ್ರೂ ಆ ಕಡೆ ಬಂದಿದ್ರಾ?’ ಎಂದು ತೇಲಿಸಿ ಕೇಳುತ್ತಾರೆ. ಆ ಕಡೆಯವರಿಗೆ ಅದು ಗಂಭೀರ ಪ್ರಶ್ನೆ ಎಂದೇ ಅನ್ನಿಸುವುದಿಲ್ಲ. ಈ ಪ್ರಕರಣದಲ್ಲಿ ಹತ್ತೂವರೆಗೆ ಸಹೋದ್ಯೋಗಿಯೊಬ್ಬರ ನಂಬರ್ ಸಿಕ್ಕಿತು. ಅವರ ಉತ್ತರ: ‘ಅವರು ಕೆಲಸ ಬಿಟ್ಟು ನಾಲ್ಕು ತಿಂಗಳಾಯ್ತಲ್ಲ ಸಾರ್.’ ಫೋನ್ ಸ್ಪೀಕರ್‌ನಲ್ಲಿತ್ತು, ಹೆಂಡತಿ ಪಕ್ಕದಲ್ಲೇ ನಿಂತಿದ್ದರು. ನಾಲ್ಕು ತಿಂಗಳೂ ಅವರು ತುಂಬಿ ಕಳಿಸಿದ ಡಬ್ಬಿ ಸಂಜೆ ಖಾಲಿಯಾಗಿಯೇ ಮನೆಗೆ ಬಂದಿತ್ತು. ಅವನು ದಿನವೂ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯದಲ್ಲಿ ಕೂತು, ಮಧ್ಯಾಹ್ನ ಮರದ ಕೆಳಗೆ ಉಂಡು, ಆಫೀಸು ಬಿಡುವ ಹೊತ್ತಿಗೆ ಬಸ್ಸು ಹತ್ತುತ್ತಿದ್ದ ಎಂಬುದು ತಿಳಿದದ್ದು ಎಷ್ಟೋ ದಿನದ ಮೇಲೆ.

ದೂರು ಕೊಡಲು 24 ಗಂಟೆ ಕಾಯಬೇಕು ಎಂಬ ನಂಬಿಕೆ ಸಿನಿಮಾದಿಂದ ಬಂದದ್ದಿರಬೇಕು. ಭಾರತದ ಕಾನೂನಿನಲ್ಲಿ ಅಂಥ ನಿಯಮವಿಲ್ಲ. 112ಕ್ಕೆ ಆ ಕ್ಷಣವೇ ಕರೆ ಮಾಡಬಹುದು, ಠಾಣೆಗೆ ಆ ರಾತ್ರಿಯೇ ಹೋಗಬಹುದು. ಕಾಣೆಯಾದದ್ದು ಮಗುವಾದರೆ ಎಫ್‌ಐಆರ್ ದಾಖಲಿಸಿ, ಅಪಹರಣ ಇಲ್ಲವೇ ಮಾನವ ಸಾಗಣೆ ಎಂದೇ ಭಾವಿಸಿ ತನಿಖೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಬಚಪನ್ ಬಚಾವೊ ಆಂದೋಲನದ ಪ್ರಕರಣದಲ್ಲಿ ಆದೇಶಿಸಿದೆ. ವಯಸ್ಕರ ವಿಷಯದಲ್ಲಿ ಅಂಥ ಭಾವನೆಗೆ ಜಾಗವಿಲ್ಲ. ಹಾಗಾಗಿ ಮೇಜಿನ ಆಚೆಯಿಂದ ಬರುವ ಮೊದಲ ಪ್ರಶ್ನೆ, ‘ಮನೇಲಿ ಏನಾದ್ರೂ ಜಗಳ ಆಗಿತ್ತಾ ಮೇಡಂ?’ ಇದು ಅವಮಾನದಂತೆ ಕೇಳಿಸಿದರೂ ಉತ್ತರ ಬೇಕಾದ ಪ್ರಶ್ನೆಯೇ. ‘ಇಲ್ಲ’ ಎಂದು ಥಟ್ಟನೆ ಹೇಳುವವರೇ ಹೆಚ್ಚು.

ಆಮೇಲೆ ಚಹರೆ ಬರೆಸಬೇಕು. ಎತ್ತರ ಎಷ್ಟು, ಮುಖ ದುಂಡೋ ಕೋಲೋ, ಯಾವ ಬಣ್ಣದ ಅಂಗಿ, ಯಾವ ಯಾವ ಭಾಷೆ ಮಾತಾಡುತ್ತಾರೆ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿ ಅಂಗಿ ನೀಲಿ ಎಂದರು. ತಾಯಿ ಬೂದು ಎಂದರು. ಇಬ್ಬರೂ ಬೆಳಿಗ್ಗೆ ಅವನನ್ನು ನೋಡಿದವರೇ. ಎತ್ತರ ಇಬ್ಬರಿಗೂ ಗೊತ್ತಿರಲಿಲ್ಲ. ಬರೆದುಕೊಳ್ಳುತ್ತಿದ್ದ ಪೇದೆ ಈ ಲೇಖಕನನ್ನು ಎದ್ದು ನಿಲ್ಲಿಸಿ, ‘ಇವರಿಗಿಂತ ಉದ್ದಾನಾ, ಗಿಡ್ಡಾನಾ?’ ಎಂದು ಕೇಳಿ 5 ಅಡಿ 6 ಅಂಗುಲ ಎಂದು ಬರೆದ. ಉಳಿದದ್ದು ಪತ್ರಿಕೆಯ ಕಾಣೆಯಾದವರ ಪ್ರಕಟಣೆಗಳಲ್ಲಿ ಎಲ್ಲರೂ ನೂರು ಸಲ ಓದಿರುವ ಸಾಲು: ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಮೆಜೆಸ್ಟಿಕ್ಕಿನಲ್ಲಿ ಒಂದು ಗಂಟೆ ನಿಂತರೆ ಈ ಚಹರೆಯ ಸಾವಿರ ಗಂಡಸರು ಹಾದುಹೋಗುತ್ತಾರೆ. ನಿಜಕ್ಕೂ ಉಪಯೋಗಕ್ಕೆ ಬರುವುದು ಗುರುತುಗಳು, ಅಂದರೆ ಮಚ್ಚೆ, ಹೊಲಿಗೆಯ ಕಲೆ, ನಡಿಗೆಯ ವಾಲು. ಬಲ ಮೊಣಕಾಲಿನ ಕೆಳಗೆ ಏಳನೇ ಕ್ಲಾಸಿನಲ್ಲಿ ಸೈಕಲ್ಲಿಂದ ಬಿದ್ದಾಗಿನ ಐದು ಹೊಲಿಗೆ ಇದ್ದದ್ದನ್ನು ಬರೆಸಿದ್ದು ಅಂದು ಆ ಸೈಕಲ್ಲಿನ ಹಿಂದೆ ಕೂತಿದ್ದವನೇ.

ಫೋನಿನ ಜಾಡು ಹಿಡಿಯುವ ಅಧಿಕಾರ ಮನೆಯವರಿಗಿಲ್ಲ. ಕರೆ ವಿವರ, ಎಂದರೆ ಸಿಡಿಆರ್, ತರಿಸಿಕೊಳ್ಳಬಲ್ಲದ್ದು ಎಸ್‌ಪಿ ಅಥವಾ ಡಿಸಿಪಿ ದರ್ಜೆಯ ಅಧಿಕಾರಿಯ ಮೂಲಕ ಪೊಲೀಸರು ಮಾತ್ರ. ದುಡ್ಡು ಕೊಟ್ಟರೆ ತರಿಸಿಕೊಡುತ್ತೇವೆ ಎನ್ನುವ ಖಾಸಗಿಯವರು ಮಾಡುವುದು ಅಪರಾಧ. ದೂರಸಂಪರ್ಕ ಕಂಪನಿಗಳು ಈ ದಾಖಲೆಯನ್ನು ಎರಡು ವರ್ಷ ಇಡಬೇಕೆಂಬ ನಿಯಮ 2021ರ ಡಿಸೆಂಬರಿನಿಂದ ಇದೆ, ಅಲ್ಲಿಯ ತನಕ ಒಂದು ವರ್ಷವಿತ್ತು. ಸಿಡಿಆರ್ ತೋರಿಸುವುದು ಫೋನು ಯಾವ ಟವರಿನ ವ್ಯಾಪ್ತಿಯಲ್ಲಿತ್ತು ಎಂಬುದನ್ನಷ್ಟೇ. ಪೇಟೆಯಲ್ಲಿ ಅದು ಕೆಲವು ಬೀದಿಗಳ ಸುತ್ತಳತೆ, ಘಟ್ಟದಲ್ಲಿ ಕೆಲವು ಕಿಲೋಮೀಟರು. ಇಲ್ಲಿ ಸಿಕ್ಕ ಕೊನೆಯ ಟವರು ಮೆಜೆಸ್ಟಿಕ್, ಬೆಳಿಗ್ಗೆ 9.10. ಅಲ್ಲಿಂದ ಬಸ್ಸು, ರೈಲು ಎಲ್ಲ ದಿಕ್ಕಿಗೂ ಹೋಗುತ್ತವೆ. ಸರಕಾರಿ ಬಸ್ಸಿನ ಟಿಕೆಟ್ಟಿಗೂ ರೈಲಿನ ಜನರಲ್ ಬೋಗಿಯ ಟಿಕೆಟ್ಟಿಗೂ ಹೆಸರು ಬೇಕಿಲ್ಲ. ಸಿಸಿ ಕ್ಯಾಮೆರಾದ ಚಿತ್ರಗಳ ಮೇಲೆ ಕೆಲ ದಿನಗಳಲ್ಲೇ ಹೊಸವು ಬಂದು ಕೂರುತ್ತವೆ. ಅಂಗಡಿ, ಲಾಡ್ಜುಗಳವರನ್ನು ಬೇಗ ಹೋಗಿ ಕೇಳಿಕೊಂಡರೆ ಉಂಟು, ವಾರ ಬಿಟ್ಟರೆ ಅನುಮಾನ.

ಮನೆಯಲ್ಲೇ ಬಿಚ್ಚಬಹುದಾದ ಗಂಟು ಬೇರೆ ಇತ್ತು, ಹಣದ್ದು. ಹಳೆಯ ಲ್ಯಾಪ್‌ಟಾಪಿನಲ್ಲಿ ಇ-ಮೇಲ್ ತೆರೆದೇ ಇತ್ತು, ಆದರೆ ಅದನ್ನು ನೋಡಬೇಕೆಂದು ಮಂಗಳವಾರ ಸಂಜೆಯ ತನಕ ಯಾರಿಗೂ ಹೊಳೆಯಲಿಲ್ಲ. ಬುಧವಾರ ಬೆಳಗಿನ ಹೊತ್ತಿಗೆ ಅದರ ಅಗತ್ಯವೂ ಉಳಿಯಲಿಲ್ಲ. ಅವನ ಫೋನಿನಲ್ಲಿ ಹೆಸರಿದ್ದ ಎಲ್ಲರಿಗೂ, ಶಾಲೆಯ ಹಳೆಯ ಮೇಷ್ಟರನ್ನೂ ಸೇರಿಸಿ, ವಾಟ್ಸ್‌ಆ್ಯಪ್‌ನಲ್ಲಿ ಅವನ ಫೋಟೊ ಬಂತು. ಅದರ ಮೇಲೆ ಕೆಂಪಕ್ಷರದಲ್ಲಿ ಕಳ್ಳ ಎಂದಿತ್ತು. ಕಳಿಸಿದ್ದು ಒಂದು ಸಾಲದ ಆ್ಯಪಿನ ವಸೂಲಿಗಾರರು. ಡಿಜಿಟಲ್ ಸಾಲ ಕೊಡುವವರು ಗ್ರಾಹಕರ ಫೋನಿನ ಸಂಪರ್ಕ ಪಟ್ಟಿಗೆ ಕೈ ಹಾಕಬಾರದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಪರವಾನಗಿಯೇ ಇಲ್ಲದವರಿಗೆ ಯಾವ ಮಾರ್ಗಸೂಚಿ? ಆ್ಯಪುಗಳು ಏಳು. ಒಂದರ ಕಂತು ಕಟ್ಟಲು ಇನ್ನೊಂದು. ಮೊದಲನೆಯದರ ಹಿಂದೆ ಆನ್‌ಲೈನ್ ರಮ್ಮಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲಿ ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು, 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನೇ ಬಂತು. ಗೆಳೆಯ ಸೋತದ್ದು ಈ ನಡುವಿನ ಸಂದಿಯಲ್ಲಿ.

ಅಂದು ಮಧ್ಯಾಹ್ನ ಊಟದ ಮೇಜಿನ ಸುತ್ತ ಕಳೆದದ್ದು ಇಡೀ ಹುಡುಕಾಟದಲ್ಲಿ ಅತಿ ಮುಖ್ಯವಾದ ಗಂಟೆ. ತಾಯಿ, ಠೇವಣಿ ಮುರಿಸಿ ಎರಡು ಲಕ್ಷ ಕೊಟ್ಟದ್ದನ್ನು ಹೇಳಿದರು. ಭಾವಮೈದ, ಜಾಮೀನು ಹಾಕಿದ್ದನ್ನು ಹೇಳಿದ. ಹೆಂಡತಿ ಎದ್ದುಹೋಗಿ ಬೀರುವಿನಿಂದ ಎರಡೆಳೆ ಸರ ತಂದು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಕೊಂಡಿಯ ಬಳಿ ಪಿನ್ನಿನಿಂದ ಗೀರಿದರು. ಒಳಗೆ ತಾಮ್ರದ ಕೆಂಪು. ಅಸಲಿ ಸರ ಅಡವಿಗೆ ಹೋಗಿ, ಅದೇ ಮಾದರಿಯ ಒಂದು ಗ್ರಾಮಿನ ಸರ ಆ ಡಬ್ಬಿಯಲ್ಲಿ ಕೂತಿತ್ತು. ಆಕೆ ಅದನ್ನು ಮತ್ತೆ ಹತ್ತಿಯಲ್ಲಿ ಸುತ್ತಿ ಡಬ್ಬಿಗೇ ಹಾಕಿದರು, ಏನೂ ಅನ್ನಲಿಲ್ಲ.

ಪ್ರತಿಯೊಬ್ಬರ ಬಳಿಯೂ ಒಂದೊಂದು ಚೂರು ಗುಟ್ಟಿತ್ತು, ಪ್ರತಿಯೊಬ್ಬರೂ ತಾನೊಬ್ಬನೇ ಅದನ್ನು ಕಾಯುತ್ತಿರುವುದು ಎಂದುಕೊಂಡಿದ್ದರು. ಈ ಲೇಖಕನ ಚೂರು ಅರವತ್ತು ಸಾವಿರದ್ದು, ‘ಮನೇಲಿ ಬಾಯಿಬಿಡಬೇಡ ಮಾರಾಯ’ ಎಂದು ಕೈಮೇಲೆ ಕೈಯಿಡಿಸಿಕೊಂಡು ಪಡೆದದ್ದು. ದುಡ್ಡಿನ ಮಾತು ದೊಡ್ಡದಲ್ಲ. ಅದನ್ನು ಎಣಿಸಿಕೊಳ್ಳುತ್ತ ಗೆಳೆಯ ಒಂದು ಮಾತು ನಗುತ್ತಲೇ ಆಡಿದ್ದ: ‘ಇಷ್ಟಕ್ಕೂ ಸರಿಹೋಗದಿದ್ರೆ ಹೊರನಾಡಿಗೆ ಹೋಗಿ ಊಟ ಬಡಿಸ್ಕೊಂಡು ಇದ್ಬಿಡ್ತೀನಿ.’ ಈ ಮಾತು ಹೇಳಬೇಕಾದರೆ ಸಾಲದ ಕಥೆಯನ್ನೂ ಹೇಳಬೇಕಿತ್ತು. ಕೊಟ್ಟ ಮಾತಿಗೆ ತಪ್ಪಬಾರದೆಂದು ಎರಡು ದಿನ ಎರಡೂ ಹೊಟ್ಟೆಯಲ್ಲೇ ಉಳಿದವು. ಆ ಎರಡು ದಿನ ಎಲ್ಲರೂ ಅವನ ಹಳೆಯ ಆಫೀಸಿನ ಸುತ್ತ, ಅವನು ಎಂದೂ ಹೋಗದ ಬಾರುಗಳ ಸುತ್ತ ತಿರುಗಿದರು. ಗೆಳೆತನದ ನಿಯತ್ತು ಎಂದು ಕರೆಯಬಹುದೇನೋ. ಅದರಲ್ಲಿ ತನ್ನ ಮುಖ ಉಳಿಸಿಕೊಳ್ಳುವ ಆಸೆಯೂ ಅಷ್ಟೇ ಇತ್ತು.

ಇದೇ ಹೊತ್ತಿಗೆ ಇನ್ನೊಂದು ಹುಡುಕಾಟವೂ ನಡೆಯಬೇಕಾಗುತ್ತದೆ, ಮನೆಯಲ್ಲಿ ಹೇಳದೆ. 2019ರ ಜುಲೈಯಲ್ಲಿ ಕಾಫಿ ಉದ್ಯಮಿ ಸಿದ್ಧಾರ್ಥ ಉಳ್ಳಾಲದ ನೇತ್ರಾವತಿ ಸೇತುವೆಯ ಮೇಲೆ ಕಾಣೆಯಾಗಿ ಎರಡು ದಿನದ ಮೇಲೆ ಶವವಾಗಿ ಸಿಕ್ಕಿದ ಮೇಲೆ, ಸಾಲಗಾರನೊಬ್ಬ ಕಾಣೆಯಾದ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ನೀರು. ಆಸ್ಪತ್ರೆಗಳ ತುರ್ತು ವಿಭಾಗ, ರೈಲ್ವೆ ಪೊಲೀಸ್ ಠಾಣೆ, ಆಮೇಲೆ ಶವಾಗಾರ, ಇದು ಸಾಮಾನ್ಯ ಕ್ರಮ. ಅಪರಿಚಿತ ಶವವನ್ನು ವಾರಸುದಾರರಿಗಾಗಿ ಸಾಮಾನ್ಯವಾಗಿ ಮೂರು ದಿನ ಇಡುತ್ತಾರೆ, ಆದ್ದರಿಂದ ತಡಮಾಡುವಂತಿಲ್ಲ. ಹೋಗುವುದಾದರೆ ಇಬ್ಬರು ಹೋಗಬೇಕು, ರಕ್ತಸಂಬಂಧಿಗಳಲ್ಲದಿದ್ದರೆ ಒಳ್ಳೆಯದು. ಗುರುವಾರ ಅಂಥ ಒಂದು ಕಡೆ ನೌಕರ ಹೊದಿಕೆಯನ್ನು ಮುಖದಿಂದ ಸರಿಸಲಿಲ್ಲ. ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ. ‘ಗುರುತೇನು?’ ಎಂದು ಕೇಳಿ, ಬಲಗಾಲಿನ ಕಡೆಯ ಬಟ್ಟೆಯನ್ನು ಮೊಣಕಾಲಿನ ತನಕ ಮೇಲೆತ್ತಿದ. ಹೊಲಿಗೆ ಇರಲಿಲ್ಲ. ಹೊರಗೆ ಬಂದು ಚಹಾ ಕುಡಿಯುವಾಗ ಆದದ್ದು ಸಂತೋಷವೇ, ಮತ್ತು ಆ ಕಾಲು ಯಾರದೋ ಮನೆಯವರು ಹುಡುಕುತ್ತಿರುವ ಕಾಲು ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಕೈಯಲ್ಲಿ ಕಾಸಿಲ್ಲದೆ ಮನೆ ಬಿಟ್ಟವನು ಅನ್ನ ಸಿಗುವ ಕಡೆಗೆ ಹೋಗುತ್ತಾನೆ. ಕರ್ನಾಟಕದಲ್ಲಿ ಅದಕ್ಕೆ ದಾರಿಗಳಿವೆ: ಧರ್ಮಸ್ಥಳ, ಹೊರನಾಡು, ಶೃಂಗೇರಿ, ತುಮಕೂರಿನ ಸಿದ್ಧಗಂಗೆಯ ದಾಸೋಹ. ಹೆಸರು ಕೇಳದೆ ಎಲೆ ಹಾಕುವ ಜಾಗಗಳಿವು. ಹೆಸರು ಕೇಳದೆ ಕೆಲಸ ಕೊಡುವುದು ಹೋಟೆಲಿನ ಅಡುಗೆಮನೆ ಮತ್ತು ಕಾಫಿ ತೋಟ. ಶುಕ್ರವಾರ ರಾತ್ರಿಯ ಬಸ್ಸಿಗೆ ಇಬ್ಬರು ಹೊರನಾಡಿಗೆ ಹೋದರು. ಅನ್ನಪೂರ್ಣೇಶ್ವರಿಯ ಭೋಜನಶಾಲೆಯಲ್ಲಿ ಎರಡು ಹೊತ್ತು ಪಂಕ್ತಿ ಪಂಕ್ತಿಯ ಮುಖ ನೋಡಿದರು, ಬಡಿಸುವವರಿಗೆ ಫೋಟೊ ತೋರಿಸಿದರು. ಇಲ್ಲ. ವಾಪಸು ಬರುವಾಗ ಕಳಸದ ಬಸ್ ನಿಲ್ದಾಣದ ಹತ್ತಿರ ಕಾಫಿ ಕುಡಿದು ಬೆಂಗಳೂರಿಗೆ ಬಂದರು.

ಮೌನ ಕರೆಗಳನ್ನು ಹಗುರವಾಗಿ ನೋಡಬಾರದು. ಒಂಬತ್ತನೇ ದಿನ ರಾತ್ರಿ ತಾಯಿಯ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಆಕೆ ನಾಲ್ಕು ಸಲ ‘ಹಲೋ’ ಅಂದರು. ಆ ಕಡೆ ಪಾತ್ರೆಯ ಸದ್ದು, ಆಮೇಲೆ ಕಟ್. ಇಂಥ ಹೊತ್ತಿನಲ್ಲಿ ಮನೆಯವರು ಒಬ್ಬರಾದ ಮೇಲೊಬ್ಬರು ಅದೇ ನಂಬರಿಗೆ ಮುಗಿಬಿದ್ದು, ಅತ್ತು, ಗದರಿಸಿ, ಇದ್ದ ಎಳೆಯನ್ನೂ ಹರಿದುಹಾಕುತ್ತಾರೆ. ಇಲ್ಲಿ ನಂಬರನ್ನು ಠಾಣೆಗೆ ತಿಳಿಸಿ, ಮಾರನೆಯ ಬೆಳಿಗ್ಗೆ ಬೇರೆ ಫೋನಿನಿಂದ ಕರೆ ಮಾಡಿ, ತಿಂಡಿ ಎಷ್ಟು ಗಂಟೆಗೆ ಶುರು ಎಂದು ಕೇಳಲಾಯಿತು. ‘ಆರಕ್ಕೇ ಶುರು ಮಾರ್ರೆ, ಬಸ್ ಸ್ಟ್ಯಾಂಡಿನ ಎದುರಿಗೇ’ ಎಂದರು ಹೋಟೆಲಿನವರು. ಊರು ಕಳಸ. ನಾಲ್ಕು ದಿನದ ಹಿಂದೆ ಕಾಫಿ ಕುಡಿದ ಜಾಗದಿಂದ ಮೂರು ಅಂಗಡಿ ಆಚೆ.

ಹನ್ನೊಂದನೇ ದಿನ ಅವನು ಹಿತ್ತಲಿನಲ್ಲಿ ಮಣೆಯ ಮೇಲೆ ಕೂತು ಎಲೆಕೋಸು ಹೆಚ್ಚುತ್ತಿದ್ದ. ಓಡಲಿಲ್ಲ. ಆಶ್ಚರ್ಯವನ್ನೂ ತೋರಿಸಲಿಲ್ಲ. ಕೇಳಿದ್ದು ಒಂದೇ: ‘ಅಮ್ಮಂಗೆ ಎಲ್ಲಾ ಗೊತ್ತಾಯ್ತಾ?’ ಹೌದು ಎಂದ ಮೇಲೆ ಈಳಿಗೆ ಮಡಚಿಟ್ಟು, ಮುಖ ತೊಳೆದುಕೊಂಡು ಬಂದ.

ಸಿಕ್ಕ ವಯಸ್ಕನನ್ನು ಯಾರೂ ಬಲವಂತವಾಗಿ ಮನೆಗೆ ಕರೆತರುವಂತಿಲ್ಲ. ಸ್ವಇಚ್ಛೆಯಿಂದ ಹೋಗಿದ್ದೆ ಎಂದು ಅವನು ಹೇಳಿಕೆ ಕೊಟ್ಟರೆ ಪೊಲೀಸರು ಕಡತ ಮುಚ್ಚುತ್ತಾರೆ. ಸಾಲದ ತಕರಾರು ಹಾಗೆ ಮುಚ್ಚುವುದಿಲ್ಲ. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಬೇಕು. ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಸೆರೆವಾಸ ವಿಧಿಸುವ ಸುಗ್ರೀವಾಜ್ಞೆಯನ್ನು ಕರ್ನಾಟಕ 2025ರ ಫೆಬ್ರವರಿಯಲ್ಲಿ ತಂದಿತು. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಗೆಳೆಯ ಮೊದಲ ಸಲ ಅದಕ್ಕೆ ಕರೆ ಮಾಡಿದ್ದು ಮನೆಯ ತಾರಸಿಯಿಂದ, ಬಾಗಿಲು ಹಾಕಿಕೊಂಡು.

ಸಿಗದವರ ಮನೆಗಳ ಪಾಡು ಬೇರೆ. ಯಾರೋ ಅಕ್ರಮವಾಗಿ ಹಿಡಿದಿಟ್ಟಿದ್ದಾರೆಂಬ ಶಂಕೆಯಿದ್ದರೆ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಕಾನೂನು ಆ ಮನುಷ್ಯ ಸತ್ತಿದ್ದಾನೆಂದು ಭಾವಿಸುತ್ತದೆ. ವಿಮೆ, ಆಸ್ತಿಯ ವ್ಯವಹಾರ ಅಲ್ಲಿಯ ತನಕ ನಿಂತೇ ಇರುತ್ತದೆ.

ಸಿಕ್ಕ ಮೇಲೆ ಮಾಡಲು ಎಲ್ಲರೂ ಮರೆಯುವ ಕೆಲಸ ಒಂದಿದೆ, ಫೋಟೊ ಹಾಕಿದ ಕಡೆಯೆಲ್ಲ ‘ಸಿಕ್ಕಿದ್ದಾರೆ’ ಎಂದು ತಿಳಿಸುವುದು. ತಿಳಿಸಿದರೂ ವಾಟ್ಸ್‌ಆ್ಯಪ್‌ನಲ್ಲಿ ಹಳೆಯದೇ ಓಡಾಡುತ್ತಿರುತ್ತದೆ. ಎರಡು ವರ್ಷದ ಬಳಿಕ ಹಾವೇರಿಯಿಂದ ಒಬ್ಬರು ಕರೆ ಮಾಡಿ, ‘ನೀವು ಹುಡುಕಾಕತ್ತಿದ್ದವರು ಇಲ್ಲೇ ಬಸ್ ಸ್ಟ್ಯಾಂಡಿನ್ಯಾಗ ಕುಂತಾರ್ರೀ, ನೀಲಿ ಅಂಗಿ, ಮಾತಾಡವಲ್ಲರು’ ಎಂದರು. ಗೆಳೆಯ ಆಗ ಎದುರಿಗೇ ಕೂತಿದ್ದ. ಫೋನು ಇಸಿದುಕೊಂಡು, ತಾನು ಯಾರೆಂದು ಹೇಳದೆ, ಅವರಿಗೆ ಮೊದಲು ಏನಾದರೂ ತಿನ್ನಲು ಕೊಡಿಸಿ, ಆಮೇಲೆ ಹತ್ತಿರದ ಠಾಣೆಗೆ ತಿಳಿಸಿ ಎಂದು ಬಹಳ ಹೊತ್ತು ವಿವರಿಸಿದ.