ಕಾಡುಪ್ರಾಣಿಗಳ ವೈದ್ಯವಿದ್ಯೆ

ಕಲಕತ್ತೆಯ ಉತ್ತರದಂಚಿನಲ್ಲಿರುವ ಬಾರಾನಗರದಿಂದ ಬ್ಯಾರಕ್‌ಪುರ ಟ್ರಂಕ್ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಬಂದರೆ, ಶ್ಯಾಮಬಜಾರಿನ ಸಮೀಪದಲ್ಲಿ ಬೆಲ್ಗಾಚಿಯಾ ಎಂಬ ಬಡಾವಣೆಯಿದೆ. 1893ರಲ್ಲಿ ಬಂಗಾಳ ಪಶುವೈದ್ಯ ಕಾಲೇಜು ಸ್ಥಾಪಿತವಾದುದು ಇಲ್ಲಿಯೇ. ಕುದುರೆ, ಎತ್ತು, ಹಸುಗಳ ರೋಗಗಳನ್ನು ನೋಡುವುದೇ ಆ ಕಾಲದ ಪಶುವೈದ್ಯನ ಮುಖ್ಯ ಕಾರ್ಯವಾಗಿದ್ದಿತು. ಕಾಡಿನ ಪ್ರಾಣಿಗೆ ವೈದ್ಯನೇಕೆ ಎಂದು ಆಗ ಯಾರಾದರೂ ಕೇಳಿದ್ದರೆ ತಪ್ಪೆನ್ನುವಂತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ನಮ್ಮ ಮಲೆನಾಡಿನಲ್ಲಿ ದೊರೆಯಿತು.

1957ನೆಯ ಇಸವಿ, ಬೇಸಗೆಯ ಆರಂಭ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಸುತ್ತಣ ಹಳ್ಳಿಗಳ ಜನರು ತೀವ್ರ ಜ್ವರದಿಂದ ಮಲಗಿದರು. ಕೆಲವರು ಮತ್ತೆ ಏಳಲಿಲ್ಲ. ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರವು ಭಾರತಕ್ಕೂ ಕಾಲಿಟ್ಟಿತೋ ಎಂಬ ಭೀತಿ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿದಾಗ ಕಂಡುದು ಬೇರೆ: ಅದುವರೆಗೆ ಯಾರೂ ಅರಿಯದಿದ್ದ ಒಂದು ವೈರಸ್. ಹಳದಿ ಜ್ವರವನ್ನು ಹರಡುವುದು ಸೊಳ್ಳೆ. ಇದನ್ನು ಹರಡುವುದು ಉಣುಗು. ಇಲಿ, ಮಂಗ, ಮನುಷ್ಯರನ್ನು ಕಚ್ಚುವುದು ಎಳೆಯ ಉಣುಗು; ಬಲಿತದ್ದು ದನದಂತಹ ದೊಡ್ಡ ಪ್ರಾಣಿಗಳ ರಕ್ತವನ್ನು ಹೀರಿ ಸಂತತಿಯನ್ನು ಬೆಳೆಸುತ್ತದೆ. ಕಾಡನ್ನು ಕಡಿದು, ಅದರಂಚಿನಲ್ಲಿ ದನ ಮೇಯಿಸಿದ ನಾವೇ ಉಣುಗಿಗೆ ಊಟವಿಕ್ಕಿದೆವು! ಪಾಪ, ‘ಮಂಗನ ಕಾಯಿಲೆ’ ಎಂಬ ಹೆಸರು ಮಾತ್ರ ಮಂಗನ ತಲೆಗೆ ಬಂದಿತು.

ಇಂತಹ ಗಂಟನ್ನು ಬಿಡಿಸಲು ಒಂದು ಮಂಗಕ್ಕೆ ಔಷಧ ಕೊಡಬಲ್ಲವನು ಸಾಲನು. ಮಂಗ, ಉಣುಗು, ದನ, ಮರ, ಮನುಷ್ಯ ಎಲ್ಲವನ್ನೂ ಒಟ್ಟಾಗಿ ನೋಡಬಲ್ಲವನು ಬೇಕು. ಅದಕ್ಕಾಗಿಯೇ ಈ ಸ್ನಾತಕೋತ್ತರ ವ್ಯಾಸಂಗ. ವಿದ್ಯಾರ್ಥಿಯು ಮೊದಲು ಐದೂವರೆ ವರ್ಷ ಓದಿ ಪಶುವೈದ್ಯ ಪದವಿಯನ್ನು ಪಡೆಯಬೇಕು. ಅನಂತರ ಎರಡು ವರ್ಷ ವನ್ಯಪ್ರಾಣಿಗಳ ವಿಶೇಷಾಭ್ಯಾಸ. ಬರೇಲಿಯ ಸಮೀಪದ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆಯಲ್ಲಿ ಇದಕ್ಕೆ ಅನುಕೂಲವಿದೆ.

ಇಲ್ಲಿ ರೋಗಿಯು ವೈದ್ಯನ ಬಳಿಗೆ ಬರುವುದಿಲ್ಲ, ಎಲ್ಲಿ ನೋವೆಂದು ಹೇಳುವುದಿಲ್ಲ. ಹುಲಿಯನ್ನೋ ಆನೆಯನ್ನೋ ಮುಟ್ಟಬೇಕಾದರೆ ದೂರದಿಂದ ಅರಿವಳಿಕೆಯ ಸೂಜಿಯನ್ನು ಹಾರಿಸಬೇಕು. ತೂಕವನ್ನು ಕಣ್ಣಳತೆಯಲ್ಲಿಯೇ ಊಹಿಸಿ ಮದ್ದಿನ ಪ್ರಮಾಣವನ್ನು ನಿಶ್ಚಯಿಸಬೇಕು. ಕಡಿಮೆಯಾದರೆ ವೈದ್ಯನಿಗೆ ಅಪಾಯ, ಹೆಚ್ಚಾದರೆ ಪ್ರಾಣಿಗೆ. ಲದ್ದಿ, ರಕ್ತ, ಕಳೇಬರ ಇವೇ ಅವನ ಗ್ರಂಥಗಳು.

ಗಣಿತವೂ ಬೇಕು. ಹತ್ತು ಜಿಂಕೆಗಳು ಸತ್ತುವೆಂದರೆ, ಇದ್ದುದು ನೂರೋ ಸಾವಿರವೋ ಎಂದು ತಿಳಿಯದೆ ಆ ಸಾವಿನ ತೂಕ ತಿಳಿಯದು. ಬಾರಾನಗರದಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಇಲ್ಲಿ ನೆನೆಯಬಹುದು. ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರು ಇಂಗ್ಲೆಂಡನ್ನು ಬಿಟ್ಟು ಅಲ್ಲಿಗೆ ಬಂದುದು ಕ್ಯಾಸನೂರಿನ ರೋಗ ಕಾಣಿಸಿದ 1957ರಲ್ಲಿಯೇ. ಜೀವಿಗಳ ವಿಕಾಸದಲ್ಲಿ ರೋಗಕ್ಕೆ ದೊಡ್ಡ ಪಾತ್ರವಿದೆಯೆಂದು ಅವರು 1949ರಷ್ಟು ಹಿಂದೆಯೇ ಪ್ರತಿಪಾದಿಸಿದ್ದರು.

ಮಂಗನ ಕಾಯಿಲೆ ಅಳಿದಿಲ್ಲ. 2012ರಲ್ಲಿ ಅದು ಕ್ಯಾಸನೂರಿನಿಂದ ಬಹುದೂರದ ಬಂಡೀಪುರದಲ್ಲಿ ಕಾಣಿಸಿತು. ಆಗ ರೋಗಕ್ಕೆ ತುತ್ತಾದವರು ಸತ್ತ ಮಂಗಗಳ ಕಳೇಬರಗಳನ್ನು ವಿಲೇವಾರಿ ಮಾಡುವ ಕೆಲಸದಲ್ಲಿದ್ದವರು. ಮಂಗದ ಮೈ ತಣ್ಣಗಾದೊಡನೆ ಉಣುಗುಗಳು ಅದನ್ನು ಬಿಟ್ಟು ಸುತ್ತಣ ತರಗೆಲೆಗಳಿಗೆ ಇಳಿಯುತ್ತವೆ. ಆದುದರಿಂದ ಕಾಡಿನಂಚಿನ ಊರುಗಳಿಗೆ ರಜೆಯಲ್ಲಿ ಹೋಗುವ ಬಾಲಕ ಬಾಲಕಿಯರು ಸತ್ತ ಮಂಗವನ್ನು ಕಂಡರೆ ಹತ್ತಿರ ಸುಳಿಯದೆ, ಅರಣ್ಯ ಇಲಾಖೆಯವರಿಗಾಗಲಿ ಆರೋಗ್ಯ ಕೇಂದ್ರಕ್ಕಾಗಲಿ ಆ ದಿನವೇ ತಿಳಿಸಬೇಕು.